ಕಟ್ಟಿ ಬಿಚ್ಚುವ ಸೂರು

ಮೂಡಿಗೆರೆ ಪೇಟೆಯಲ್ಲಿ ಟಾರ್ಪಲ್‌ಗೆ ಎರಡು ಹಂಗಾಮು. ಮೊದಲನೆಯದು ಮೇ ತಿಂಗಳ ಕೊನೆಗೆ. ಸೌದೆ ಮುಚ್ಚಬೇಕು, ಕೊಟ್ಟಿಗೆಯ ಪಡುವಣ ಬದಿಗೆ ಇಳಿಬಿಡಬೇಕು, ಮನೆ ಹಿಂದಿನ ಧರೆಗೆ ಹೊದಿಸಬೇಕು. ಎರಡನೆಯದು ನವೆಂಬರಿನಿಂದಾಚೆ. ಅರೇಬಿಕಾ ಕೊಯ್ಲು ಶುರುವಾಗಿ ಕಣ ತುಂಬತೊಡಗಿದರೆ ಮೋಡ ಕಂಡ ಸಂಜೆಯೆಲ್ಲ ತೋಟದವರಿಗೆ ಟಾರ್ಪಲ್‌ನದೇ ಚಿಂತೆ. ನಾವು ಹೋದದ್ದು ಜನವರಿಯಲ್ಲಿ. ಹಾರ್ಡ್‌ವೇರ್ ಅಂಗಡಿಯವರು ಸಹಜವಾಗಿಯೇ ಕೇಳಿದರು, “ಕಣಕ್ಕಾ, ಸೌದೆಗಾ?”

“ಮಲಗಲಿಕ್ಕೆ” ಎಂದ ನನ್ನ ಭಾವಮೈದುನ.

ಅವರು ನಮ್ಮಿಬ್ಬರ ಬೂಟುಗಳನ್ನು ಒಮ್ಮೆ ನೋಡಿದರು. “ಮಲಗಲಿಕ್ಕೆ ಊರ ತುಂಬ ಹೋಂಸ್ಟೇ ಇದಾವಲ್ಲ ಮಾರಾಯ್ರೆ” ಎಂದು ನಗುತ್ತ ಅಟ್ಟದಿಂದ ಒಂದು ಸುರುಳಿ ಇಳಿಸಿದರು.

ಟಾರ್ಪಲ್ ಕೊಳ್ಳುವವರು ಬಣ್ಣ ನೋಡುವುದಿಲ್ಲ, ತೂಕ ಕೇಳುತ್ತಾರೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕವೇ ಜಿಎಸ್‌ಎಂ. ಹನ್ನೆರಡಕ್ಕೆ ಹದಿನೈದು ಅಡಿಯ ಹಾಳೆ 250 ಜಿಎಸ್‌ಎಂನದಾದರೆ ನಾಲ್ಕು ಕಿಲೋ ದಾಟುತ್ತದೆ. 120ರದ್ದಾದರೆ ಎರಡು ಕಿಲೋ. ಕಣಕ್ಕೆ ದಪ್ಪನೆಯದು ಬೇಕು, ಅದರ ಮೇಲೆ ಜನ ಓಡಾಡುತ್ತಾರೆ, ಕುಂಟೆ ಎಳೆಯುತ್ತಾರೆ. ಬೆನ್ನಿಗೆ ಹೊರುವವರಿಗೆ ತೆಳ್ಳನೆಯದು ಸಾಕು. ಎರಡನ್ನೂ ಮಾಡುವ ಬಗೆ ಒಂದೇ: ಪ್ಲಾಸ್ಟಿಕ್ ಎಳೆಗಳನ್ನು ಬಟ್ಟೆಯಂತೆ ನೇಯ್ದು, ಎರಡೂ ಮೈಗೆ ಲೇಪ ಕೊಟ್ಟು, ಅಂಚು ಮಡಚಿ, ಮೂರು ಅಡಿಗೊಂದರಂತೆ ಲೋಹದ ಕಣ್ಣು ಕೂರಿಸುವುದು. ಬಿಸಿಲು ಅದರ ಶತ್ರು. ಕೆಲವು ಬೇಸಿಗೆ ಕಳೆದರೆ ಲೇಪ ಸಿಪ್ಪೆಯೇಳುತ್ತದೆ, ಎಳೆ ಪುಡಿಯಾಗುತ್ತದೆ. ಹಾಗೆಂದು ಮಲೆನಾಡಿನಲ್ಲಿ ಯಾರೂ ಅದನ್ನು ಎಸೆಯುವುದಿಲ್ಲ. ಕಣದಿಂದ ನಿವೃತ್ತಿಯಾದದ್ದು ಸೌದೆಗೆ, ಸೌದೆಯಿಂದ ಗೊಬ್ಬರದ ಗುಂಡಿಗೆ, ಕಡೆಗೆ ತುಂಡು ತುಂಡಾಗಿ ನಾಯಿಗೂಡಿನ ಮಾಡಿಗೆ.

ಟಾರ್ಪಲ್ ಬರುವ ಮೊದಲೂ ಇಲ್ಲಿ ಮಳೆ ಹೀಗೇ ಸುರಿಯುತ್ತಿತ್ತು. ಬಿದಿರ ಸೀಳಿನ ಹಂದರಕ್ಕೆ ಎಲೆ ಹಾಸಿ ಹೆಣೆದ ಗೊರಬನ್ನು ತಲೆಗೂ ಬೆನ್ನಿಗೂ ಕವುಚಿಕೊಂಡು ಹೆಂಗಸರು ಗದ್ದೆ ನಟ್ಟಿ ಮಾಡುತ್ತಿದ್ದರು. ಬಗ್ಗಿದ ಬೆನ್ನಿನ ಮೇಲೆ ಸೂರು, ಎರಡೂ ಕೈ ಕೆಲಸಕ್ಕೆ ಬಿಡುವು. ಗಂಡಸರಿಗೆ ಕಂಬಳಿಕೊಪ್ಪೆ. ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಗೊರಬಿನಿಂದ ಟಾರ್ಪಲ್‌ವರೆಗೆ ವಸ್ತು ಬದಲಾದರೂ ಮೈಮೇಲೆ ಮಾಡೊಂದಿದ್ದರೆ ಸಾಕು, ಸುತ್ತಲಿನದು ಕಾಣುತ್ತಿರಲಿ ಎಂಬ ನಡೆ ಬದಲಾಗಿಲ್ಲ. ಡೇರೆಯ ಜಿಪ್ ಎಳೆದುಕೊಂಡು ಒಳಗೆ ಕುಳಿತವನಿಗೆ ತಾನು ಕಳಸದಲ್ಲಿದ್ದರೂ ಒಂದೇ, ಕೋಲಾರದಲ್ಲಿದ್ದರೂ ಒಂದೇ. ಟಾರ್ಪಲ್ ಕಟ್ಟಬೇಕಾದವನು ಮಾತ್ರ ಗಾಳಿ ಯಾವ ಕಡೆಯದು, ಇಳಿಜಾರು ಎತ್ತ, ಮರ ಯಾರದು ಎಂದು ಮೊದಲು ವಿಚಾರಿಸಬೇಕು.

ಮೂಡಿಗೆರೆಯಿಂದ ಬಣಕಲ್ ದಾಟಿ ಕೊಟ್ಟಿಗೆಹಾರಕ್ಕೆ ಬಂದರೆ ರಸ್ತೆ ಕವಲೊಡೆಯುತ್ತದೆ. ಒಂದು ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳದತ್ತ; ಇನ್ನೊಂದು ಕಳಸದತ್ತ. ಈ ಸೀಮೆಯ ಅತಿ ದೊಡ್ಡ ಬಯಲು ಬಿಡಾರ ನೋಡಬೇಕಾದರೆ ಶಿವರಾತ್ರಿಯ ಹಿಂದಿನ ದಿನಗಳಲ್ಲಿ ಈ ಕವಲಿನಲ್ಲಿ ನಿಲ್ಲಬೇಕು. ಬಯಲುಸೀಮೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ಸಾವಿರಾರು ಜನ ಈ ದಾರಿಯಲ್ಲಿ ಸಾಗುತ್ತಾರೆ. ಶಾಲೆಯ ಜಗಲಿ, ಅಂಗಡಿಯ ಮುಂಗಟ್ಟು, ದಾರಿ ಬದಿಯ ತೋಟದ ಅಂಚು, ಎಲ್ಲೆಲ್ಲೂ ಶಾಮಿಯಾನ, ಟಾರ್ಪಲ್. ಕೆಳಗೆ ಮಜ್ಜಿಗೆ, ಪಾನಕ, ಕಾಲಿಗೆ ಎಣ್ಣೆ. ಅವರಲ್ಲಿ ಯಾರೂ ಅದನ್ನು ಕ್ಯಾಂಪಿಂಗ್ ಎನ್ನುವುದಿಲ್ಲ. ಕತ್ತಲಾದಲ್ಲಿ ಹಾಸಿ ಮಲಗಿ, ಕೋಳಿ ಕೂಗುವ ಮೊದಲೇ ಮಡಚಿಕೊಂಡು ನಡೆದುಬಿಡುತ್ತಾರೆ.

ನಾವು ಕಳಸದ ದಾರಿ ಹಿಡಿದೆವು. ಕೊಟ್ಟಿಗೆಹಾರದ ಮಗ್ಗುಲಲ್ಲೇ ಜಾವಳಿ, ಅಲ್ಲಿ ಹೇಮಾವತಿ ಹುಟ್ಟಿ ಕಾವೇರಿಗೆ ಹೋಗುತ್ತಾಳೆ. ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟಿ ಕಳಸವನ್ನು ಹಾದುಹೋಗುವ ಭದ್ರೆ ತುಂಗೆಯನ್ನು ಕೂಡಿ ಕೃಷ್ಣೆಗೆ. ಬೆಟ್ಟಸಾಲಿನ ಪಡುವಣಕ್ಕೆ ಬಿದ್ದ ನೀರು ನೇತ್ರಾವತಿಯಾಗಿ ಅರಬ್ಬಿ ಸಮುದ್ರಕ್ಕೆ. ಒಂದೇ ಮೋಡದ ಮಳೆ ಇಲ್ಲಿನ ನೆತ್ತಿಗೆ ಬಿದ್ದು, ನಡುಹಗ್ಗದ ಮೇಲೆ ಹೊದಿಸಿದ ಹಾಳೆಯ ಮೇಲಿನಂತೆ, ಅತ್ತಿತ್ತ ಜಾರಿ ಬೇರೆ ಬೇರೆ ಕಡಲ ದಾರಿ ಹಿಡಿಯುತ್ತದೆ. ನಡುಹಗ್ಗ ಒಂದು ಗೇಣು ಸರಿದರೆ ಯಾರ ಪಾಲಿಗೆ ಎಷ್ಟು ನೀರು ಎಂಬುದೇ ಬದಲಾದೀತು.

ಬಾಳೂರು ಸೀಮೆಯ ಮಧುಗುಂಡಿ, ಮಲೆಮನೆ, ಕಳಸ ಬಳಿಯ ಚನ್ನಹಡ್ಲು ಹೆಸರುಗಳು 2019ರ ಆಗಸ್ಟ್ ತನಕ ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಆ ಮಳೆಗಾಲದಲ್ಲಿ ಗುಡ್ಡಗಳು ಜಾರಿ ಮನೆ, ಗದ್ದೆ, ತೋಟಗಳ ಮೇಲೆ ಹರಿದವು. ಜನ ಉಟ್ಟ ಬಟ್ಟೆಯಲ್ಲಿ ಹೊರಬಿದ್ದು ಪರಿಹಾರ ಕೇಂದ್ರಗಳ ಸೂರು ಸೇರಿದರು. ಅಂದಿನಿಂದ ಈ ದಾರಿಯಲ್ಲಿ ಮನೆ ಹಿಂದಿನ ಧರೆಗೆ ಹೊದಿಸಿದ ನೀಲಿ, ಕಪ್ಪು ಹಾಳೆ ಕಂಡರೆ ಅದರ ಅರ್ಥ ಬೇರೆ. ಬಿರುಕಿನಲ್ಲಿ ನೀರು ಇಳಿದರೆ ಮಣ್ಣು ತೂಕವೇರಿ ಹಿಡಿತ ಬಿಡುತ್ತದೆ, ಅದಕ್ಕೇ ಹಾಳೆಯ ಮೇಲ್ತುದಿಯನ್ನು ಧರೆಯ ನೆತ್ತಿಯಿಂದ ಸಾಕಷ್ಟು ಹಿಂದಕ್ಕೆ ಒಯ್ದು ಮಣ್ಣಿನಲ್ಲಿ ಹೂಳಿ, ನೀರನ್ನು ಪಕ್ಕದ ಚರಂಡಿಗೆ ತಿರುಗಿಸಬೇಕು. ಶೋಕಿಗೆ ಒಂದು ರಾತ್ರಿ ಟಾರ್ಪಲ್ ಕೆಳಗೆ ಮಲಗಲು ಹೊರಟವರು, ಇಡೀ ಮಳೆಗಾಲ ಅದನ್ನೇ ನಂಬಿ ಬದುಕುವವರ ಮನೆ ಮುಂದೆ ಹಾಯುವಾಗ ಕಾರಿನ ಹಾಡು ತಾನಾಗಿಯೇ ತಗ್ಗುತ್ತದೆ.

ಬಿಡಾರ ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಭಾವಮೈದುನನಿಗೆ ಶಿಖರದ ಮೇಲಿನ ಆಸೆ. ಆದರೆ ಈ ಸೀಮೆಯಲ್ಲಿ ಶಿಖರವೆಂದರೆ ಹಗಲಿನ ಮಾತು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಹಗಲು ಹತ್ತಿ ಹಗಲೇ ಇಳಿಯಬೇಕು. ಒಳಗೆ ರಾತ್ರಿ ತಂಗುವಂತಿಲ್ಲ. ನಿಯಮದ ಹಿಂದೆ ಕಾರಣವಿದೆ. ಹುಲ್ಲುಗಾವಲು, ಅದರ ಮಡಿಲಲ್ಲಿ ಹುದುಗಿದ ಶೋಲಾ ಕಾಡು, ಎರಡೂ ಸೇರಿಯೇ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಬಿಡುವುದು. ಜನವರಿ ಕಳೆದರೆ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಒಲೆಯ ಕಿಡಿ ಸಾಕು. ರಾಜ್ಯದ ಅತಿ ಎತ್ತರದ, 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯ ಗಾಳಿಗಂತೂ ಯಾವ ಜಿಎಸ್‌ಎಂ ಕೂಡ ಲೆಕ್ಕಕ್ಕಿಲ್ಲ. ಮೂಡಿಗೆರೆಯ ಕುಂದೂರು, ಊರುಬಗೆ ಭಾಗದಲ್ಲಿ ಆನೆ ಓಡಾಟ. ತೋಟದ ಆಳುಗಳೇ ಬೆಳಿಗ್ಗೆ ಸುದ್ದಿ ತಿಳಿದುಕೊಂಡು ಕೆಲಸಕ್ಕೆ ಇಳಿಯುವಲ್ಲಿ ಬಯಲಲ್ಲಿ ಮಲಗುವುದು ಧೈರ್ಯವಲ್ಲ. ಉಳಿದ ದಾರಿ ಒಂದೇ: ಪರಿಚಯದವರ ತೋಟ, ಯಜಮಾನರ ಒಪ್ಪಿಗೆ. ಕಳಸದಾಚೆಗಿನ ಒಂದು ತೋಟದಲ್ಲಿ ಅದು ಸಿಕ್ಕಿತು. “ಮಲಗಿ, ಆದ್ರೆ ಮೇಸ್ತ್ರಿ ಹೇಳಿದಲ್ಲಿ ಮಲಗಿ” ಎಂಬುದೊಂದೇ ಯಜಮಾನರ ಷರತ್ತು.

ಮೇಸ್ತ್ರಿಗೆ ಅರವತ್ತು ದಾಟಿರಬೇಕು. ಅವರ ತಂದೆ ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದು ಲೈನ್‌ಮನೆಯಲ್ಲಿ ಉಳಿದವರಂತೆ. ಮಾತಿನಲ್ಲಿ ಇನ್ನೂ ಆ ಕಡೆಯ ಎಳೆ ಇದೆ. “ಜಾಗ ನೀವೇ ತೋರಿಸಿ ಮೇಸ್ತ್ರಿ” ಎಂದೆವು. ಅವರು ಹಳ್ಳದ ಬದಿಯ ಸಮತಟ್ಟನ್ನು ಬಿಟ್ಟು ಸ್ವಲ್ಪ ಮೇಲೆ ನಡೆದರು. “ಅಲ್ಲಿ ನೋಡ್ಲಿಕ್ಕೆ ಚಂದ ಉಂಟು ಸಾರ್. ರಾತ್ರಿ ಥಂಡಿಯೆಲ್ಲ ಇಳಿದು ಅಲ್ಲೇ ಕೂರ್ತದೆ.” ತಂಪುಗಾಳಿ ಭಾರ, ನೀರಿನ ದಾರಿಯಲ್ಲೇ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ, ಇಪ್ಪತ್ತು ಹೆಜ್ಜೆ ಮೇಲೆ ಮಲಗಿದರೂ ಬೆಳಗಿನ ಜಾವ ಆ ವ್ಯತ್ಯಾಸ ಮೈಗೆ ತಿಳಿಯುತ್ತದೆ.

ಆಮೇಲೆ ಮರ. ನಮ್ಮ ಕಣ್ಣು ಹೋದದ್ದು ನೆಟ್ಟಗೆ ನಿಂತ ಎರಡು ಸಿಲ್ವರ್ ಓಕ್‌ಗಳಿಗೆ. ಅವಕ್ಕೆ ಬುಡದಿಂದ ತುದಿಯವರೆಗೆ ಮೆಣಸಿನ ಬಳ್ಳಿ, ಗೊನೆ ತುಂಬ ಕಾಳು. ಮೇಸ್ತ್ರಿ ಬಳ್ಳಿಯ ಒಂದು ಬೇರನ್ನು ಉಗುರಿನಿಂದ ಮೆಲ್ಲಗೆ ಎತ್ತಿ ತೋರಿಸಿದರು. ಗಂಟುಗಂಟಿನಲ್ಲೂ ಮೊಳೆತ ಬೇರಿನ ಕುಚ್ಚು ತೊಗಟೆಗೆ ಕಚ್ಚಿಕೊಂಡಿದೆ. ಹಗ್ಗ ಬಿಗಿದು ರಾತ್ರಿಯಿಡೀ ಗಾಳಿಗೆ ಜಗ್ಗಿದರೆ ಅದು ಸಡಿಲುತ್ತದೆ, ಬಳ್ಳಿ ಮರದ ಹಿಡಿತ ಬಿಡುತ್ತದೆ. ಹಾಲವಾಣದ ಕೊಂಬೆ ಮೆದು, ಗಾಳಿಗೆ ಮುರಿಯುತ್ತದೆ. ಕಡೆಗೆ ಬಳ್ಳಿ ಹಬ್ಬಿಸದ ಒಂದು ಹಲಸು, ಅದರಿಂದ ಹತ್ತು ಮಾರು ದೂರದ ಅತ್ತಿ. ಎರಡರ ಬುಡದಲ್ಲೂ ನಿಂತು ಮೇಸ್ತ್ರಿ ಬಹಳ ಹೊತ್ತು ತಲೆಯೆತ್ತಿ ನೋಡಿದರು. ಒಣಕೊಂಬೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಹಗ್ಗಕ್ಕೆ ಕೈ ಹಾಕಿದ್ದು.

ಹಗ್ಗಕ್ಕೂ ಮರಕ್ಕೂ ನಡುವೆ ಗೋಣಿಚೀಲದ ಮಡಿಕೆ ಇಟ್ಟು ನಡುಹಗ್ಗವನ್ನು ಎದೆಮಟ್ಟಕ್ಕೆ ಬಿಗಿದರು. ಒಂದು ಕಡೆ ಗಟ್ಟಿ ಕುಣಿಕೆ, ಇನ್ನೊಂದು ಕಡೆ ಜೀರುಗುಣಿಕೆ. ಜನವರಿಯಲ್ಲಿ ಇಲ್ಲಿ ಮೂಡುಗಾಳಿ. ಅದಕ್ಕೆ ಮೂಡಣದ ಮಗ್ಗುಲು ನೆಲ ಮುಟ್ಟುವಷ್ಟು ತಗ್ಗಿ, ಪಡುವಣದ ಮಗ್ಗುಲು ಸೊಂಟದೆತ್ತರಕ್ಕೆ ತೆರೆದುಕೊಂಡಿತು. ಮಳೆಗಾಲವಾದರೆ ಇದೇ ಮಾಡು ತಿರುಗುಮುರುಗು. ಗೂಟಕ್ಕೆ ಕಿತ್ತ ಹಳೆಯ ಕಾಫಿ ಗಿಡದ ಕಾಂಡ, ಕಲ್ಲಿನಂಥ ಮರ. ಗೂಟವನ್ನು ನೆಟ್ಟಗೆ ಹೊಡೆಯದೆ ಹಗ್ಗ ಎಳೆಯುವ ದಿಕ್ಕಿಗೆ ಬೆನ್ನು ಮಾಡಿ ಓರೆಯಾಗಿ ಹೊಡೆದರು.

ಹೊಸ ಹಾಳೆಯ ಒಂದು ಮೂಲೆಯ ಲೋಹದ ಕಣ್ಣು ಮೊದಲ ಎಳೆತಕ್ಕೇ ಕಿತ್ತು ಬಂತು. ಭಾವಮೈದುನ ಅಂಗಡಿಯವರನ್ನು ನೆನೆಯುವಷ್ಟರಲ್ಲಿ ಮೇಸ್ತ್ರಿ ನೆಲದಿಂದ ನೆಲ್ಲಿಕಾಯಿ ಗಾತ್ರದ ನುಣುಪು ಕಲ್ಲೊಂದನ್ನು ಆರಿಸಿದರು. ಅದನ್ನು ಮೂಲೆಯ ಒಳಮೈಯಲ್ಲಿಟ್ಟು, ಹಾಳೆಯನ್ನು ಅದರ ಸುತ್ತ ಮುದುರಿ, ಕುತ್ತಿಗೆಗೆ ಹಗ್ಗದ ಕುಣಿಕೆ ಬಿಗಿದರು. ಎಳೆದಷ್ಟೂ ಕುಣಿಕೆ ಕಲ್ಲಿನ ಹಿಂದೆ ಬಿಗಿಯಾಗುತ್ತದೆ. ತೂತಿಲ್ಲ, ಹರಿಯುವ ಭಯವಿಲ್ಲ. ಅಂಚಿನಲ್ಲಿ ಕಣ್ಣಿಲ್ಲದ ಕಡೆ, ಹಾಳೆಯ ನಟ್ಟನಡುವೆ, ಎಲ್ಲಿ ಬೇಕಾದರೂ ಹೀಗೆ ಹಿಡಿ ಕೊಡಬಹುದು. ಹಾಳೆ ಹೊಟ್ಟೆ ಬಿಡಬಾರದು, ಬಿಟ್ಟರೆ ಅಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಇನ್ನಷ್ಟು ಹೊಟ್ಟೆ ಇಳಿಸುತ್ತದೆ. ಕಡೆಯದಾಗಿ, ಮರದಿಂದ ಮಾಡಿನೊಳಕ್ಕೆ ಬರುವ ನಡುಹಗ್ಗಕ್ಕೆ ಎರಡೂ ತುದಿಯಲ್ಲಿ ಒಂದೊಂದು ಗೇಣುದ್ದದ ದಾರ ಕಟ್ಟಿ ಇಳಿಬಿಟ್ಟರು. ಮರದ ಮೈಮೇಲೆ ಹರಿದ ನೀರು ಹಗ್ಗ ಹಿಡಿದು ಒಳಗೆ ಬರುತ್ತದೆ. ದಾರ ಸಿಕ್ಕಿದರೆ ಅಲ್ಲೇ ಕೆಳಗಿಳಿಯುತ್ತದೆ. “ಚಗಳಿಗೂ ಇದೇ ದಾರಿ. ಅದಕ್ಕೆ ದಾರ ಸಾಕಾಗುದಿಲ್ಲ” ಎಂದು ಹಗ್ಗದ ಬುಡಕ್ಕೆ ಬೇವಿನೆಣ್ಣೆ ಸವರಿದರು.

ನೆಲದ ತರಗೆಲೆಯನ್ನು ಪೂರ್ತಿ ಗುಡಿಸಿದ್ದು ಅಚ್ಚುಕಟ್ಟಿಗಲ್ಲ. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನಲ್ಲಿ ಉಣುಗಿನ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಗುರುತಾದ ಮಂಗನ ಕಾಯಿಲೆ ಇದೇ ಉಣುಗಿನಿಂದ ಹರಡುವಂಥದ್ದು; ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನರಿಗೂ ಅದರ ಕಷ್ಟ ಗೊತ್ತು. ಮಳೆಗಾಲದಲ್ಲಿ ಇಂಬಳ ಹಿಡಿದರೆ ರಕ್ತ ಕಂಡು ಗಾಬರಿಯಾಗುತ್ತೇವೆ, ಅದು ಅಷ್ಟಕ್ಕೇ ಮುಗಿಯುತ್ತದೆ. ಉಣುಗು ಸದ್ದಿಲ್ಲದೆ ಹತ್ತುತ್ತದೆ. ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆಯನ್ನು ಮೇಸ್ತ್ರಿಯ ಮನೆಯಿಂದ ತಂದು ಕೈಕಾಲಿಗೆ ಹಚ್ಚಿಕೊಂಡೆವು. ಅಡುಗೆ ಮಾಡಿನಿಂದಾಚೆ, ಕಣದ ಸಿಮೆಂಟಿನ ಮೇಲೆ. ಟಾರ್ಪಲ್ ಕೆಳಗೆ ಬೆಂಕಿ ಹಾಕಬಾರದು, ಅದು ಉರಿಯುವುದಕ್ಕಿಂತ ಮೊದಲು ಕರಗಿ ಹನಿಯುತ್ತದೆ.

ಸಂಜೆಯ ಕಣದಲ್ಲಿ ಇದೇ ಟಾರ್ಪಲ್‌ನ ಇನ್ನೊಂದು ವಿದ್ಯೆ ಕಂಡಿತು. ದಿನವಿಡೀ ಹರಡಿದ್ದ ಕಾಫಿಯನ್ನು ಬಿಸಿಲಾರುವ ಮೊದಲೇ ಗುಪ್ಪೆ ಮಾಡಿ ಮುಚ್ಚುತ್ತಿದ್ದರು. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಒಣಗಲು ವಾರದಿಂದ ಹತ್ತು ದಿನ, ಇಡೀ ಹಣ್ಣನ್ನೇ ಒಣಗಿಸುವ ಚೆರಿಗೆ ಹನ್ನೆರಡರಿಂದ ಹದಿನೈದು ದಿನ ಬೇಕು; ತೇವಾಂಶ ಶೇ 10–11ಕ್ಕೆ ಇಳಿಯಬೇಕು. ಅಷ್ಟರಲ್ಲಿ ಒಂದು ರಾತ್ರಿ ಇಬ್ಬನಿ ಕುಡಿದರೂ ಹಿಂದಿನ ಬಿಸಿಲು ದಂಡ. ಮುಚ್ಚುವಾಗ ಹಾಳೆಯನ್ನು ಕಾಳಿಗೆ ನೇರವಾಗಿ ತಾಗಿಸುವುದಿಲ್ಲ, ನಡುವೆ ಗೋಣಿ. ಕಾಳಿನ ಬಿಸಿ ಉಸಿರು ತಣ್ಣನೆಯ ಪ್ಲಾಸ್ಟಿಕ್‌ಗೆ ತಗುಲಿ ಬೆವರುತ್ತದೆ, ಆ ಬೆವರನ್ನು ಗೋಣಿ ಹೀರುತ್ತದೆ. ನಮಗೂ ಅದೇ ಪಾಠ: ಮಾಡನ್ನು ಮುಖಕ್ಕೆ ತೀರ ಹತ್ತಿರ ಕಟ್ಟಿದರೆ, ಎಲ್ಲ ಕಡೆ ಮುಚ್ಚಿದರೆ, ನಮ್ಮ ಉಸಿರೇ ಹನಿಯಾಗಿ ನಮ್ಮ ಮೇಲೆ ಬೀಳುತ್ತದೆ.

ರಾತ್ರಿ ಮೇಸ್ತ್ರಿ ಬೀಡಿ ಹಚ್ಚಿಕೊಂಡು ಕಣದ ಕಟ್ಟೆಯ ಮೇಲೆ ಕುಳಿತು ಹಳೆಯದನ್ನು ತೆಗೆದರು. ಕುದುರೆಮುಖದ ಗಣಿ ಶುರುವಾದ ಕಾಲದಲ್ಲಿ ಅವರ ಅಣ್ಣ ಅಲ್ಲಿಗೆ ಕೆಲಸಕ್ಕೆ ಹೋಗಿದ್ದನಂತೆ. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿ ಕಾಡಿನ ನಡುವೆ ಊರನ್ನೇ ಕಟ್ಟಿತು: ವಸತಿ, ಶಾಲೆ, ಆಸ್ಪತ್ರೆ, ಗಣಿಯ ಹೂಳು ತಡೆಯಲು ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಜನ ಊರು ಬಿಟ್ಟರು. ಮನೆಗಳೂ ಹೂಳೂ ಅಲ್ಲೇ ಉಳಿದವು. “ಕಟ್ಟುವಾಗ ಎಷ್ಟು ಗೌಜಿ ಸಾರ್. ಬಿಚ್ಚುವ ಲೆಕ್ಕ ಯಾರೂ ಹಾಕ್ಲಿಲ್ಲ” ಎಂದರು ಮೇಸ್ತ್ರಿ. ಭದ್ರೆಯ ನೆತ್ತಿಯ ಮೇಲಿನ ಆ ಬೆಟ್ಟ ಉಳಿಯಬೇಕೆಂದು ಹೋರಾಡಿದವರು ಆಡಿದ್ದೂ ಇಂಥದೇ ಮಾತು. ಈಗ ಅದೇ ಗುಡ್ಡಸಾಲುಗಳ ಅಂಚಿನಲ್ಲಿ ಗಾಜಿನ ರೆಸಾರ್ಟುಗಳು ಏಳುತ್ತಿವೆ, ಅವುಗಳಿಗೆ ರಸ್ತೆ ಅಗಲಿಸಲು ಧರೆ ಕಡಿಯುತ್ತಾರೆ, ಕಡಿದ ಧರೆಗೆ ಮಳೆಗಾಲದಲ್ಲಿ ಮತ್ತೆ ಟಾರ್ಪಲ್.

ಜನವರಿಯ ರಾತ್ರಿ ಥಂಡಿ ಮೂಳೆಗೇ ಇಳಿಯಿತು. ಆದರೂ ಮಾಡಿನ ಕೆಳಗೆ ಕಂಬಳಿ ಒಣಗಿಯೇ ಇತ್ತು. ಹೊರಗೆ ಮರೆತಿದ್ದ ಚೀಲ ಹಿಂಡುವಷ್ಟು ನೆನೆದಿತ್ತು. ತೆರೆದ ಆಕಾಶಕ್ಕೆ ಮೈಯೊಡ್ಡಿದ ವಸ್ತು ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಆಗ ಅದರ ಮೇಲೆ ಇಬ್ಬನಿ ಕಟ್ಟುತ್ತದೆ. ನಡುವೆ ಒಂದು ತೆಳು ಹಾಳೆ ಇದ್ದರೂ ಸಾಕು, ತಣ್ಣಗಾಗುವ ಪಾಳಿ ಅದರದು.

ನಾಲ್ಕು ಗಂಟೆಯ ಹೊತ್ತಿಗೆ ಗಾಳಿ ಸುಳಿವಿಲ್ಲದೆ ನಿಂತಿತು. ಲೈನ್‌ಮನೆಗಳ ಕಡೆ ಟಾರ್ಚುಗಳು ಓಡಾಡತೊಡಗಿದವು. “ಸಾರ್, ಮೋಡ. ಕಣಕ್ಕೆ ಒಂದು ಹಾಳೆ ಕಡಿಮೆ ಬೀಳ್ತದೆ, ನಿಮ್ಮದು ಕೊಡ್ತೀರಾ?” ಎಂದು ಕೇಳಿದರು ಮೇಸ್ತ್ರಿ. ಜನವರಿ ಮಳೆಯೆಂದರೆ ಇಲ್ಲಿನವರಿಗೆ ನಡುಕ. 2021ರ ಜನವರಿಯಲ್ಲಿ ಹೀಗೇ ಅಕಾಲದ ಮಳೆ ಹೊಯ್ದು ಕಣದ ಕಾಫಿ ನೆನೆದು, ಗಿಡದ ಹಣ್ಣು ಉದುರಿ, ಹೂವು ಹೊತ್ತಲ್ಲದ ಹೊತ್ತಿನಲ್ಲಿ ಅರಳಿದ್ದನ್ನು ಯಾರೂ ಮರೆತಿಲ್ಲ. ನಾವು ಎದ್ದು ಹಾಸಿಗೆ ಸುತ್ತುವಷ್ಟರಲ್ಲಿ ಮೇಸ್ತ್ರಿ ಜೀರುಗುಣಿಕೆಯ ತುದಿ ಹಿಡಿದು ಎಳೆದರು. ನಡುಹಗ್ಗ ಕಳಚಿತು. ಮೂಲೆಯ ಕಲ್ಲು ನೆಲಕ್ಕೆ ಬಿತ್ತು. ಕತ್ತಲಲ್ಲಿ, ಥಂಡಿಗೆ ಮರಗಟ್ಟಿದ ಬೆರಳಲ್ಲಿ, ಒಂದೂ ಗಂಟು ತಡೆಯಲಿಲ್ಲ. ಸಂಜೆ ಅವರು ಗಂಟು ಹಾಕುವಾಗಲೇ ಈ ಗಳಿಗೆ ಅವರ ಲೆಕ್ಕದಲ್ಲಿತ್ತು. ಆರು ಜನ ಅಂಚು ಹಿಡಿದು ಹಾಳೆಯನ್ನು ಗುಪ್ಪೆಯ ಮೇಲೆ ಹೊದಿಸಿದೆವು, ಸುತ್ತಲೂ ಕಲ್ಲು ಹೇರಿದೆವು. ಹನಿ ಬಿದ್ದದ್ದು ಬೆಳಕು ಹರಿದ ಮೇಲೆ, ಕಾಲು ಗಂಟೆಯಷ್ಟೇ.

ಬಿಸಿಲೇರಿದ ಮೇಲೆ ನಮ್ಮ ಬಿಡಾರದ ಜಾಗಕ್ಕೆ ಹೋಗಿ ಗೂಟದ ತೂತು ಮುಚ್ಚಿ, ಗುಡಿಸಿದ ತರಗನ್ನು ಮರಳಿ ಎಳೆದೆವು. ಕಾಫಿ ಗಿಡದ ಬೇರಿಗೆ ಬೇಸಿಗೆಯಲ್ಲಿ ಆ ತರಗೇ ಹೊದಿಕೆ, ಅದನ್ನು ಬರಿದಾಗಿಸಿ ಹೋಗುವಂತಿಲ್ಲ. ಹಾಳೆಯನ್ನು ವಾಪಸು ಕೇಳಲಿಲ್ಲ.

ಮಲೆನಾಡಿಗೆ ಬಿಡಾರ ಹೂಡಲು ಬರುವವರು ಏನೇನು ತರಬೇಕೆಂದು ಈಗ ಯಾರಾದರೂ ಕೇಳಿದರೆ ನನ್ನ ಪಟ್ಟಿ ಚಿಕ್ಕದು. ತೆಳ್ಳನೆಯದೊಂದು ಟಾರ್ಪಲ್, ಇಪ್ಪತ್ತು ಮಾರು ಹಗ್ಗ, ಎರಡು ಗೋಣಿಚೀಲ. ಗೂಟ, ಕಲ್ಲು ಇಲ್ಲೇ ಸಿಗುತ್ತವೆ. ಗಾಳಿಯ ದಿಕ್ಕು, ಮರದ ಗುಣ, ಆನೆಯ ಸುದ್ದಿ ಹೇಳುವವರೂ ಇಲ್ಲೇ ಸಿಗುತ್ತಾರೆ. ಅವರನ್ನು ಕೇಳುವ ವ್ಯವಧಾನ ಮಾತ್ರ ಊರಿಂದಲೇ ತರಬೇಕು. ಗಂಟುಗಳಲ್ಲಿ ಮೊದಲು ಕಲಿಯಬೇಕಾದದ್ದು ಜೀರುಗುಣಿಕೆ. ಬಿಗಿಯಾಗಿ ಕಟ್ಟುವುದು ಯಾರಿಗಾದರೂ ಬಂದೀತು. ನಡುರಾತ್ರಿಯಲ್ಲಿ ಒಂದೇ ಎಳೆತಕ್ಕೆ ಬಿಚ್ಚಿ, ಹೆಚ್ಚು ಅಗತ್ಯವಿದ್ದವರಿಗೆ ಕೊಡಲು ಬರುವಂತೆ ಕಟ್ಟುವುದಕ್ಕೆ ಈ ಗುಡ್ಡದವರ ಕೈಯ ಪಳಗಿಕೆ ಬೇಕು.